ಬುಧವಾರ ಬೆಳಗಿನ ಮಟನ್



ಪುಣೆಗೆ ಬಂದು ಹೊಸದಾಗಿ ಸಂಸಾರ ಹೂಡಿದ ಕನ್ನಡದವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಜೋಳ ಬೀಸುವ ಗಿರಣಿ ಎಲ್ಲಿದೆ, ಕುಚಲಕ್ಕಿ ಯಾರಲ್ಲಿ ಸಿಗುತ್ತದೆ, ಮಕ್ಕಳನ್ನು ಯಾವ ಶಾಲೆಗೆ ಹಾಕುವುದು. ಇಷ್ಟೆಲ್ಲ ಆದ ಮೇಲೆ ಮನೆಯಾಕೆ ತುಸು ದನಿ ತಗ್ಗಿಸಿ ಕೇಳುತ್ತಾಳೆ: "ಅಕ್ಕಾ, ನೀವು ಮಟನ್ ಎಲ್ಲಿಂದ ತರ್ತೀರಿ?" ಈ ಪ್ರಶ್ನೆಗೆ ದನಿ ತಗ್ಗಿಸಬೇಕಾಗಿಲ್ಲ. ಕಲಬುರ್ಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಿರಲಿ, ಹೋಟೆಲು ನಡೆಸುವ ಕರಾವಳಿಯವರಿರಲಿ, ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಮಂಡ್ಯ, ಹಾಸನದ ಹುಡುಗರಿರಲಿ, ಮಾಂಸ ಉಣ್ಣುವ ಎಲ್ಲರ ಮನೆಯಲ್ಲೂ ಇದು ತಿಂಗಳ ಖರ್ಚಿನ ದೊಡ್ಡ ಬಾಬತ್ತು. ಮಟನ್ ಕಿಲೋಗೆ 700 ರೂಪಾಯಿ ದಾಟಿದೆ. ಅಷ್ಟು ಹಣ ಎಣಿಸಿಕೊಟ್ಟು ತಂದದ್ದು ಬೇಯದೇ ಉಳಿದರೆ, ಪಾತ್ರೆಯಲ್ಲಿ ಬರೀ ಎಲುಬು ಕಂಡರೆ, ಆ ವಾರದ ಲೆಕ್ಕವೇ ತಪ್ಪುತ್ತದೆ.

ನನ್ನ ಉತ್ತರ ಅಂಗಡಿಯ ಹೆಸರಿನಿಂದ ಶುರುವಾಗುವುದಿಲ್ಲ. ಬುಧವಾರ ಬೆಳಿಗ್ಗೆ ಹೋಗಿ ಎಂದು ಮೊದಲು ಹೇಳುತ್ತೇನೆ.

ಪುಣೆಯ ವಾರಕ್ಕೆ ತನ್ನದೇ ಲಯವಿದೆ. ಸೋಮವಾರ ಶಂಕರನದು, ಮಂಗಳವಾರ ಗಣಪತಿಯದು ಮತ್ತು ದೇವಿಯದು, ಗುರುವಾರ ದತ್ತನದು, ಶನಿವಾರ ಮಾರುತಿಯದು. ಮಾಂಸ ತಿನ್ನುವ ಮನೆಗಳಲ್ಲೂ ಈ ದಿನಗಳಲ್ಲಿ ಒಬ್ಬರಲ್ಲ ಒಬ್ಬರು ವಾರ ಹಿಡಿದಿರುತ್ತಾರೆ. ಉಳಿಯುವುದು ಬುಧವಾರ, ಶುಕ್ರವಾರ, ರವಿವಾರ. ರವಿವಾರ ಇಡೀ ಊರೇ ಮಟನ್ ಅಂಗಡಿಯ ಮುಂದೆ ನಿಂತಿರುತ್ತದೆ. ಕಡಿಯುವವನಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಯಾವ ಭಾಗ ಬೇಕು ಎಂದು ಕೇಳುವ ವ್ಯವಧಾನ ಅವನಿಗಿಲ್ಲ, ಹೇಳುವ ಧೈರ್ಯ ನಮಗಿಲ್ಲ, ಹಿಂದೆ ನಿಂತವರು ಅವಸರ ಮಾಡುತ್ತಾರೆ. ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಸಿಕೊಂಡು ಬರುತ್ತೇವೆ. ಹಾಗೆಂದು ಸೋಮವಾರ, ಗುರುವಾರ ಹೋದರೆ ವ್ಯಾಪಾರ ಮಂದ. ಹಿಂದಿನ ದಿನ ಉಳಿದದ್ದು ಕೊಕ್ಕೆಯಲ್ಲಿ ತೂಗುತ್ತಿರುವ ಸಂಭವ ಹೆಚ್ಚು. ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ ಅಂದೇ ಕೊಯ್ದ ಮಾಂಸ ಇರುತ್ತದೆ, ಸಾಲು ಇರುವುದಿಲ್ಲ, ಅಂಗಡಿಯವನಿಗೆ ನಿಮ್ಮ ಮಾತು ಕೇಳಲು ಸಮಯವಿರುತ್ತದೆ. ಶುಕ್ರವಾರವೂ ಆಗಬಹುದು.

ಇದೇ ನೂಕುನುಗ್ಗಲಿನ ಕಾರಣಕ್ಕೆ ವರ್ಷದ ಕೆಲವು ದಿನಗಳಲ್ಲಿ ಮಟನ್ ಅಂಗಡಿಯ ಕಡೆಗೆ ಹಾಯಬೇಡಿ. ಆಷಾಢದ ಕೊನೆಯ ಅಮಾವಾಸ್ಯೆ ನಮ್ಮ ಉತ್ತರ ಕರ್ನಾಟಕದವರಿಗೆ ನಾಗರ ಅಮಾವಾಸ್ಯೆ, ಮೈಸೂರಿನವರಿಗೆ ಭೀಮನ ಅಮಾವಾಸ್ಯೆ, ಪುಣೆಯವರಿಗೆ ಗಟಾರಿ. ಮರುದಿನದಿಂದ ಶ್ರಾವಣ, ಒಂದು ತಿಂಗಳು ಮಾಂಸ ಮುಟ್ಟುವಂತಿಲ್ಲ. ಹಾಗಾಗಿ ಅದಕ್ಕೆ ಮೊದಲಿನ ರವಿವಾರ ನಸುಕಿನಿಂದಲೇ ಸಾಲು ಬೀದಿಯ ಕೊನೆಯವರೆಗೆ ಬೆಳೆದಿರುತ್ತದೆ. ಹೋಳಿಯ ಮರುದಿನದ ಧುಳವಡಿಗೂ ಹಾಗೆಯೇ. ಶ್ರಾವಣ ಹಿಡಿಯದ ಮನೆಯವರು ಆ ತಿಂಗಳಲ್ಲಿ ನಿಶ್ಚಿಂತೆಯಿಂದ ಹೋಗಬಹುದು. ಕೋಳಿಯ ದರವೂ ಆಗ ಸಾಮಾನ್ಯವಾಗಿ ಇಳಿದಿರುತ್ತದೆ. ಆದರೆ ದಿನಕ್ಕೊಂದು ಆಡನ್ನಾದರೂ ಖಾಲಿ ಮಾಡುವ ಅಂಗಡಿಯನ್ನೇ ಹುಡುಕಿ.

ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಎರಡನೆಯ ಮಾತು. ಮೈಸೂರು, ಮಂಡ್ಯ ಸೀಮೆಯಿಂದ ಬಂದವರಿಗೆ ಮಟನ್ ಎಂದರೆ ಕುರಿ. ಬನ್ನೂರು ಕುರಿಯ ರುಚಿ ನಾಲಗೆಗೆ ಹತ್ತಿದವರು ಪುಣೆಯ ಮಟನ್ ಬೇಯಿಸಿ, ಸಾರಿಗೆ ಜಿಡ್ಡೇ ಬಿಡಲಿಲ್ಲವಲ್ಲ ಎಂದು ಪೇಚಾಡುತ್ತಾರೆ. ಅಂಗಡಿಯವನು ಮೋಸ ಮಾಡಿದ ಎಂದೂ ಅಂದುಕೊಳ್ಳುತ್ತಾರೆ. ಅವನು ಕೊಟ್ಟದ್ದು ಆಡಿನ ಮಾಂಸ. ಇಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ತೂಗುವುದು ಬೊಕಡ, ಅಂದರೆ ಹೋತ. ಧಾರಾಶಿವದ ಕಡೆಯ ಕಪ್ಪು ಉಸ್ಮಾನಾಬಾದಿ ಆಡು, ಸಂಗಮನೇರದ ಸಂಗಮನೇರಿ ಆಡು ಈ ಭಾಗದ ಹೆಸರಾದ ತಳಿಗಳು. ಉಸ್ಮಾನಾಬಾದಿಯಂತೂ ಗಡಿಯಾಚೆಯ ನಮ್ಮ ಬೀದರ, ಕಲಬುರ್ಗಿಯ ಜನರಿಗೂ ಪರಿಚಿತ.

ಕುರಿಯೇ ಬೇಕೆನ್ನುವವರಿಗೆ ಪುಣೆಯಲ್ಲಿ ಒಂದು ಸುಲಭದ ಗುರುತಿದೆ. ನಗರದ ಪೂರ್ವಕ್ಕೆ, ಹವೇಲಿ ತಾಲೂಕಿನಲ್ಲಿ ವಾಡೆ ಬೋಲ್ಹಾಯಿ ಎಂಬ ಊರಿದೆ. ಅಲ್ಲಿಯ ಬೋಲ್ಹಾಯಿ ದೇವಿಗೆ ನಡೆದುಕೊಳ್ಳುವ ಮನೆತನಗಳಲ್ಲಿ ಆಡಿನ ಮಾಂಸ ನಿಷಿದ್ಧ, ಕುರಿಯದು ಮಾತ್ರ ನಡೆಯುತ್ತದೆ. ಅಂಥವರಿಗಾಗಿಯೇ ಪೇಟೆಗಳಲ್ಲಿ, ಹಡಪಸರದ ಕಡೆ, ಹೆದ್ದಾರಿಯ ಖಾನಾವಳಿಗಳಲ್ಲಿ ಕೂಡ "ಬೋಲ್ಹಾಯಿಚೆ ಮಟಣ" ಎಂದು ಹಲಗೆ ಬರೆದಿರುತ್ತಾರೆ. ಆ ಹಲಗೆ ಕಂಡಲ್ಲಿ ಸಿಗುವುದು ಕುರಿ, ಬಹುಮಟ್ಟಿಗೆ ನಮ್ಮ ಕುರುಬರೂ ಇಲ್ಲಿಯ ಧನಗರರೂ ಮೇಯಿಸುವ ಡೆಕ್ಕನಿ ಕುರಿ. ಬಿರಿಯಾನಿಗೂ ಕೈಮಾ ಉಂಡೆಗೂ ಅದರ ಕೊಬ್ಬು ಒಳ್ಳೆಯದು. ತೆಳುವಾದ ಸಾರಿಗೆ, ಮಕ್ಕಳಿಗೆ, ಬಾಣಂತಿಯರಿಗೆ ಆಡು ಒಳ್ಳೆಯದು ಎಂಬುದು ನನ್ನ ಮತ. ಎರಡರ ದರವನ್ನೂ ಕೇಳಿ ನೋಡಿ.

ಅಂಗಡಿಯಲ್ಲಿ ಇಡೀ ಮೈ ತೂಗುಹಾಕಿದ್ದರೆ ನೋಡಿ ತಿಳಿಯುವುದು ಬಹಳ ಇದೆ. ಬಾಲದ ತುದಿಯ ಕೂದಲು ಬಿಟ್ಟಿರುತ್ತಾರೆ. ಆಡಿನ ಬಾಲ ಗಿಡ್ಡ, ಮೇಲಕ್ಕೆ ನಿಂತಿರುತ್ತದೆ. ಕುರಿಯದು ಕೆಳಗೆ ಜೋಲುತ್ತದೆ. ಹೋತ ಎಂದು ತೋರಿಸಲು ವೃಷಣವನ್ನೂ ಬಿಟ್ಟಿರುತ್ತಾರೆ, ಅದಿಲ್ಲದಿದ್ದರೆ ಹೆಣ್ಣಾಡು ಇರಬಹುದೇ ಎಂದು ಕೇಳಿ. ಎಳೆಯ ಪ್ರಾಣಿಯ ಮಾಂಸ ತಿಳಿಗೆಂಪು, ಕೊಬ್ಬು ಬಿಳಿ, ಕಡಿದ ಎಲುಬಿನ ಒಳಗೆ ನಸುಗೆಂಪು. ಮುದಿಯಾದಂತೆ ಮಾಂಸ ಕಪ್ಪಿಡುತ್ತದೆ, ಕೊಬ್ಬು ಹಳದಿಯಾಗುತ್ತದೆ, ಎಲುಬು ಬಿಳಿಚಿ ಗಟ್ಟಿಯಾಗುತ್ತದೆ. ಇಡೀ ಮೈ ಚಿಕ್ಕದಾಗಿದ್ದರೆ, ಎಂಟು-ಹತ್ತು ಕಿಲೋ ಇದ್ದಂತೆ ಕಂಡರೆ ಎಳೆಯದು. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲಕ್ಕೆ ಬರಬೇಕು. ಮೇಲ್ಮೈ ಒಣಗಿರಬೇಕು. ಅಂಟಂಟಾಗಿದ್ದರೆ, ನೀರು ಹೊಡೆದು ಹೊಳೆಯುವಂತೆ ಮಾಡಿದ್ದರೆ ಅಲ್ಲಿ ನಿಲ್ಲಬೇಡಿ. ವಾಸನೆ ಹಿಡಿದು ನೋಡಲು ಸಂಕೋಚಪಡಬೇಡಿ, ನಿಮ್ಮ ಹಣ ನಿಮ್ಮದು.

ಪುಣೆ ಮಹಾನಗರಪಾಲಿಕೆಯ ಕಸಾಯಿಖಾನೆ ಕೊಂಢ್ವಾದಲ್ಲಿದೆ. ಕಸಾಯಿಖಾನೆಯಲ್ಲಿ ಪಶುವೈದ್ಯರು ನೋಡಿದ ಮೇಲೆ ಮೈಯ ಮೇಲೆ ಶಾಯಿಯ ಮುದ್ರೆ ಬೀಳುತ್ತದೆ. ಅದನ್ನು ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹೀಗೆ ಕೇಳುವ ಗಿರಾಕಿಗಳು ಬೀದಿಗೆ ಹತ್ತು ಜನ ಇದ್ದರೆ ಆ ಬೀದಿಯ ಅಂಗಡಿಗಳು ತಾವಾಗಿ ಸ್ವಚ್ಛವಾಗುತ್ತವೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಲ್ಲ ಬಗೆಯ ಮಾಂಸ ಒಂದೇ ಕಡೆ ನೋಡಿ ಹೋಲಿಸಿ ಕೊಳ್ಳಬೇಕೆಂದರೆ ಕ್ಯಾಂಪಿನ ಶಿವಾಜಿ ಮಾರ್ಕೆಟ್‌ಗೆ ಹೋಗಬೇಕು. 1880ರ ದಶಕದಲ್ಲಿ ಕಲ್ಲಿನಲ್ಲಿ ಕಟ್ಟಿದ್ದು, ಬ್ರಿಟಿಷರ ಕಾಲದ ಹೆಸರು ಕನಾಟ್ ಮಾರ್ಕೆಟ್. ಮಟನ್‌ಗೆ ಬೇರೆ ಸಾಲು, ಕೋಳಿಗೆ ಬೇರೆ, ಮೀನಿಗೆ ಬೇರೆ. 2021ರ ಮಾರ್ಚಿನಲ್ಲಿ ಬೆಂಕಿ ಬಿದ್ದು ಅಲ್ಲಿಯ ಹಲವಾರು ಮಳಿಗೆಗಳು ಸುಟ್ಟುಹೋದವು. ನಗರದ ಇಷ್ಟೊಂದು ಅಡಿಗೆಮನೆಗಳನ್ನು ಸಾಕುವ ಮಾರುಕಟ್ಟೆಗೆ ಸಿಗಬೇಕಾದ ಕಾಳಜಿ ಸಿಕ್ಕಿಲ್ಲ ಎಂಬ ನೋವು ನನಗಿದೆ. ಹೊಸ ಬಡಾವಣೆಗಳಲ್ಲಿ ಈಜುಕೊಳಕ್ಕೆ ಜಾಗ ಬಿಡುತ್ತಾರೆ, ನೀರು-ಚರಂಡಿ ಇರುವ ಒಂದು ಮಾಂಸದ ಮಾರುಕಟ್ಟೆಗೆ ಬಿಡುವುದಿಲ್ಲ. ಮಾರುವವರು ರಸ್ತೆಯ ಧೂಳಿನಲ್ಲೇ ಮಾರಬೇಕು, ನಾವು ಅದನ್ನೇ ಕೊಳ್ಳಬೇಕು. ಇದೇ ಕ್ಯಾಂಪಿನಲ್ಲಿ ಎಮ್ಮೆಯ ಮಾಂಸ ಮಟನ್‌ಗಿಂತ ಬಹಳ ಕಡಿಮೆ ದರಕ್ಕೆ ಸಿಗುತ್ತದೆ. 2015ರ ಮಾರ್ಚಿನಿಂದ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದಿದೆ, ಎಮ್ಮೆಗೆ ಇಲ್ಲ. ಅದನ್ನು ತಿನ್ನುವ ಮನೆಗಳಿಗೆ ಅದೇ ಮಕ್ಕಳ ಪೌಷ್ಟಿಕ ಆಹಾರ.

ಮಟನ್ ಯಾಕಿಷ್ಟು ತುಟ್ಟಿ ಎಂದು ಕೇಳುವವರಿಗೆ ಕಸಾಯಿಯ ಮೇಲೆ ಸಿಟ್ಟು ಬರುತ್ತದೆ. 2019ರ ಕೊನೆಯಲ್ಲಿ ಕೊಲ್ಹಾಪುರದ ಜನ ಮಟನ್ ದರ ಏರಿದ್ದಕ್ಕೆ ಬೀದಿಗಿಳಿದಿದ್ದರು. ಆದರೆ ಕಾರಣ ಇರುವುದು ಪ್ರಾಣಿಯ ಬೆಳವಣಿಗೆಯಲ್ಲಿ. ಆಡು ಗಬ್ಬವಾಗಿ ಈಯಲು ಐದು ತಿಂಗಳು. ಮರಿ ಬೆಳೆದು ಸಂತೆಗೆ ಬರಲು ಇನ್ನೂ ಎಂಟು-ಹತ್ತು ತಿಂಗಳು. ಹಾಗೆ ಬಂದ ಪ್ರಾಣಿಯ ತೂಕದಲ್ಲಿ ಮಾಂಸವಾಗಿ ಕೈಗೆ ಸಿಗುವುದು ಅರ್ಧ, ಕೆಲವೊಮ್ಮೆ ಅರ್ಧಕ್ಕೂ ಕಡಿಮೆ. ಡೆಕ್ಕನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಸಾತಾರಾ ಜಿಲ್ಲೆಯ ಫಲಟಣದಲ್ಲಿ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಪುಟ್ಟ ಗರೋಲ್ ಕುರಿಯ ಅವಳಿ ಹಾಕುವ ಗುಣವನ್ನು ಡೆಕ್ಕನಿಗೆ ತಂದು 'ನಾರಿ ಸುವರ್ಣ' ತಳಿ ಬೆಳೆಸಿದ್ದು ಇದೇ ಕೊರತೆಯನ್ನು ತುಂಬಲು. ಇಷ್ಟು ತಿಳಿದ ಮೇಲೆ, ಅಕ್ಕಪಕ್ಕದ ಅಂಗಡಿಗಳಿಗಿಂತ ಕಿಲೋಗೆ ನೂರು ರೂಪಾಯಿ ಕಡಿಮೆ ಹೇಳುವವನನ್ನು ಕಂಡರೆ ಅನುಮಾನಪಡಬೇಕು. ಅದು ಮುದಿಯದಿರಬಹುದು, ನಿನ್ನೆಯದಿರಬಹುದು, ಚರ್ಬಿ ಸೇರಿಸಿ ತೂಗಿದ್ದಿರಬಹುದು.

ಬ್ರಾಯ್ಲರ್ ಕೋಳಿ 35ರಿಂದ 40 ದಿನದಲ್ಲಿ ಎರಡು ಕಿಲೋ ತೂಗುತ್ತದೆ. ಹಾಗಾಗಿ ವಾರದ ಊಟಕ್ಕೆ ಆಧಾರ ಅದೇ. ಪುಣೆ ಭಾರತದ ಕೋಳಿ ಉದ್ಯಮದ ದೊಡ್ಡ ಕೇಂದ್ರ. ಡಾ. ಬಿ.ವಿ. ರಾವ್ 1971ರಲ್ಲಿ ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್‌ನ ಮುಖ್ಯ ಕಚೇರಿ ಇಲ್ಲಿದೆ. 1982ರಲ್ಲಿ ಅವರೇ ಮುಂದೆ ನಿಂತು ಕಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯದೂ ಇಲ್ಲೇ. ಆ ಸಮಿತಿ ಪುಣೆಗೂ ಬೇರೆ ಊರುಗಳಿಗೂ ದಿನದಿನದ ಮೊಟ್ಟೆ ದರವನ್ನು ಪ್ರಕಟಿಸುತ್ತದೆ. ಫೋನಿನಲ್ಲೇ ನೋಡಿಕೊಂಡು ಅಂಗಡಿಗೆ ಹೋದರೆ ಮೊಟ್ಟೆಯ ವಿಷಯದಲ್ಲಿ ಯಾರೂ ನಿಮ್ಮನ್ನು ಏಮಾರಿಸಲಾರರು.

ಕೋಳಿಯ ಲೆಕ್ಕದಲ್ಲಿ ಒಂದು ವಿಷಯ ನೆನಪಿಡಬೇಕು. ಜೀವಂತ ತೂಕದ ದರ ಬೇರೆ, ಸುಲಿದು ಸ್ವಚ್ಛ ಮಾಡಿದ ದರ ಬೇರೆ. ಚರ್ಮ, ಕರುಳು, ತಲೆ, ಕಾಲು ತೆಗೆದರೆ ಉಳಿಯುವುದು ಸುಮಾರು ಮೂರರಲ್ಲಿ ಎರಡು ಪಾಲು. ಜೀವಂತ ಕೋಳಿ 150 ರೂಪಾಯಿಗೆ ಕಿಲೋ ಎಂದರೆ ಕೈಗೆ ಬರುವ ಮಾಂಸ ಕಿಲೋಗೆ 225 ಬಿದ್ದಂತೆ. ಪಕ್ಕದ ಅಂಗಡಿಯಲ್ಲಿ ಸ್ವಚ್ಛ ಮಾಡಿದ್ದೇ 220 ಎಂದಿದ್ದರೆ ಅದೇ ಅಗ್ಗ. ಬೋನ್‌ಲೆಸ್ ಕೊಳ್ಳುವುದಕ್ಕಿಂತ ಇಡೀ ಕೋಳಿ ಕೊಂಡು ಎದೆಯನ್ನು ಬೇರೆ ಮಾಡಿಸಿಕೊಳ್ಳಿ. ಎದೆ ಮಕ್ಕಳ ಡಬ್ಬಿಗೆ, ಕಾಲು-ತೊಡೆ ಸಾರಿಗೆ, ಬೆನ್ನು-ಕುತ್ತಿಗೆ ಸೂಪಿಗೆ.

'ಗಾವರಾನ್' ಎಂದು ಎರಡು ಪಟ್ಟು ದರ ಹೇಳುವ ಬಣ್ಣದ ಕೋಳಿಗಳ ಬಗ್ಗೆಯೂ ಹೇಳಬೇಕು. ಹಾಗೆ ಮಾರುವುದರಲ್ಲಿ ಎಷ್ಟೋ ಸಲ ಗಿರಿರಾಜದಂಥ ಸುಧಾರಿತ ತಳಿಯ ಕೋಳಿ ಇರುತ್ತದೆ. ಗಿರಿರಾಜ ಹುಟ್ಟಿದ್ದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ. ಒಳ್ಳೆಯ ಕೋಳಿಯೇ, ರುಚಿಯೂ ಇದೆ, ಆದರೆ ಹಳ್ಳಿಯ ಅಂಗಳದಲ್ಲಿ ಕೆದಕಿ ತಿಂದು ಬೆಳೆದ ನಾಟಿ ಕೋಳಿಯ ಬೆಲೆ ಅದಕ್ಕೆ ಕೊಡಬೇಕಾಗಿಲ್ಲ. ಇದಕ್ಕಿಂತ ಕಡಿಮೆ ಖರ್ಚಿನದು ಮೊಟ್ಟೆ ಕೋಳಿ. ಮೊಟ್ಟೆ ಇಟ್ಟು ಮುಗಿಸಿದ ಕೋಳಿಗಳನ್ನು ಫಾರಂನವರು ಮಾರಿಬಿಡುತ್ತಾರೆ. ಮಾಂಸ ಗಟ್ಟಿ, ಕುಕ್ಕರಿನಲ್ಲಿ ಬ್ರಾಯ್ಲರ್‌ಗಿಂತ ಮೂರು-ನಾಲ್ಕು ಸೀಟಿ ಹೆಚ್ಚು ಬೇಕು. ಆದರೆ ಒಣಕೊಬ್ಬರಿ, ಗಸಗಸೆ ಹುರಿದು ಅರೆದು ಮಾಡುವ ನಮ್ಮ ಕಡೆಯ ಖಾರ ಸಾರಿಗೆ, ಜೋಳದ ರೊಟ್ಟಿಗೆ, ಅದರಷ್ಟು ಒಗ್ಗುವುದು ಬ್ರಾಯ್ಲರ್ ಅಲ್ಲ.

ಕೋಳಿಯ ಬಗ್ಗೆ ಹಬ್ಬುವ ಹೆದರಿಕೆಯ ಮಾತನ್ನೂ ಆಡಬೇಕು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ನಾಂದೇಡ, ಕಿರ್ಕಟವಾಡಿಯ ಕಡೆ ಗೀಯನ್-ಬಾರೆ ಸಿಂಡ್ರೋಮ್ ಎಂಬ ನರರೋಗ ಕಾಣಿಸಿಕೊಂಡಿತು. ಕೈಕಾಲು ಸೋತು ಮಲಗಿದವರು, ಉಸಿರಾಟದ ಯಂತ್ರಕ್ಕೆ ಹೋದವರು ಇದ್ದರು. ಜಿಲ್ಲೆಯಲ್ಲಿ ಪ್ರಕರಣಗಳು ಇನ್ನೂರು ಮುಟ್ಟಿದವು. ಕೆಲವು ರೋಗಿಗಳ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಸಿಕ್ಕಿತು. ಮುಖ್ಯವಾಗಿ ಅನುಮಾನ ಬಿದ್ದದ್ದು ಕಲುಷಿತ ನೀರಿನ ಮೇಲೆ. ಆದರೆ ಈ ಬ್ಯಾಕ್ಟೀರಿಯ ಕೋಳಿಯ ಕರುಳಿನಲ್ಲೂ ಇರುವುದರಿಂದ ಜನ ಹೆದರಿ ಚಿಕನ್ ಬಿಟ್ಟರು. 2006ರಲ್ಲಿ ನವಾಪುರದಲ್ಲಿ ಹಕ್ಕಿಜ್ವರ ಬಂದಾಗಲೂ, 2020ರಲ್ಲಿ ಕೊರೊನಾದ ಗಾಳಿಸುದ್ದಿ ಹಬ್ಬಿದಾಗಲೂ ಹೀಗೆಯೇ ಆಗಿತ್ತು. ಹೆದರಿ ಬಿಡುವ ಬದಲು ಅಡಿಗೆಮನೆಯ ಅಭ್ಯಾಸ ಬದಲಿಸಿಕೊಳ್ಳೋಣ. ಚೆನ್ನಾಗಿ ಬೇಯಿಸಿದರೆ ಈ ಬ್ಯಾಕ್ಟೀರಿಯ ಸಾಯುತ್ತದೆ, ಎಲುಬಿನ ಹತ್ತಿರದ ಮಾಂಸ ಒಂದಿಷ್ಟೂ ಕೆಂಪು ಉಳಿಯಬಾರದು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯುವುದು ನಮ್ಮೆಲ್ಲರ ರೂಢಿ. ಆ ಹನಿಗಳು ಸಿಡಿದು ಪಕ್ಕದಲ್ಲಿಟ್ಟ ಕೊತ್ತಂಬರಿ, ಸೌತೆಕಾಯಿಯ ಮೇಲೆ ಬೀಳುತ್ತವೆ. ತೊಳೆಯಲೇಬೇಕೆನಿಸಿದರೆ ಪಾತ್ರೆಯಲ್ಲಿ ಮೆಲ್ಲಗೆ ತೊಳೆದು ನೀರು ಬಸಿಯಿರಿ. ಮಾಂಸ ಕೊಯ್ದ ಈಳಿಗೆ, ಹಲಗೆಯನ್ನು ಸಾಬೂನಿನಿಂದ ತೊಳೆಯದೆ ಕೋಸಂಬರಿಗೆ ಹೆಚ್ಚಬೇಡಿ.

ಮತ್ತೆ ಮಟನ್‌ಗೆ ಬರುತ್ತೇನೆ. ಕಡಿಮೆ ಖರ್ಚಿನಲ್ಲಿ ಮನೆ ಮಂದಿಗೆಲ್ಲ ಒಳ್ಳೆಯದನ್ನು ಉಣಿಸುವ ದಾರಿ ಇರುವುದು ಉಳ್ಳವರು ಬಿಟ್ಟು ಹೋಗುವ ಭಾಗಗಳಲ್ಲಿ. ತೊಡೆ, ಚಾಪು ಎಲ್ಲರೂ ಕೇಳುವ ಭಾಗ. ಕುತ್ತಿಗೆ ಮತ್ತು ಮುಂಗಾಲಿನ ಭಾಗ ನಿಧಾನವಾಗಿ ಬೆಂದರೆ ರುಚಿಯಲ್ಲಿ ತೊಡೆಯನ್ನು ಮೀರುತ್ತದೆ. ಮುಂಡಿ, ಪಾಯಾ, ವಜಡಿ ಎಂದು ಇಲ್ಲಿ ಕರೆಯುವ ತಲೆ, ಕಾಲು, ಬೋಟಿಗಳ ದರ ಮಾಂಸದ ದರಕ್ಕಿಂತ ಬಹಳ ಕಡಿಮೆ. ಕಾಲುಗಳನ್ನು ಸುಟ್ಟು ಕೆರೆದು ಕೊಡಲು ಹೇಳಿ. ಬೋಟಿಯನ್ನು ಬಿಸಿನೀರು, ಸುಣ್ಣ, ಅರಿಶಿನ ಹಾಕಿ ತೊಳೆಯುವ ಕೆಲಸ ಬೇಸರದ್ದೇ, ಆದರೆ ನಮ್ಮ ಅಜ್ಜಿಯರು ಅದನ್ನು ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಕಲೇಜಿ ಹಲವು ಕಡೆ ಮಾಂಸದ ದರಕ್ಕೇ ಸಿಗುತ್ತದೆ, ಆದರೂ ಅದರಲ್ಲಿ ಎಲುಬಿನ ತೂಕವಿಲ್ಲ, ಕಬ್ಬಿಣಾಂಶ ತುಂಬಿದೆ. ಮನೆಯಲ್ಲಿ ರಕ್ತ ಕಡಿಮೆ ಎಂದು ವೈದ್ಯರು ಹೇಳಿದ ಹೆಣ್ಣುಮಗಳಿದ್ದರೆ ಕಾಲು ಕಿಲೋ ತಂದು ಅವಳ ತಟ್ಟೆಗೆ ಮೊದಲು ಬಡಿಸಿ. ಒಳ್ಳೆಯ ತುಂಡು ಗಂಡಸರ ತಟ್ಟೆಗೆ, ಸಾರು ಹೆಂಗಸರಿಗೆ ಎಂಬ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವುದು ನನಗೆ ಸಹಿಸಲಾಗದ ಮಾತು. ಗರ್ಭಿಣಿಯರು ಮಾತ್ರ ಕಲೇಜಿಯ ವಿಷಯದಲ್ಲಿ ವೈದ್ಯರನ್ನು ಕೇಳಬೇಕು, ಅದರಲ್ಲಿ ಎ ಜೀವಸತ್ವ ಬಹಳ ಇರುತ್ತದೆ.

ಕಲಬುರ್ಗಿಯವರ ದಾಲ್ಚಾ ಗೊತ್ತಿರಬೇಕು. ಅರ್ಧ ಕಿಲೋ ಎಲುಬಿನ ಮಟನ್, ಒಂದು ಬಟ್ಟಲು ಕಡಲೆಬೇಳೆ, ಒಂದು ಸೋರೆಕಾಯಿ, ಹುಣಸೆಹುಳಿ. ಆರು ಜನರ ಹೊಟ್ಟೆ ತುಂಬುತ್ತದೆ, ಬೇಳೆಯ ಸತ್ವವೂ ಸೇರುತ್ತದೆ. ಮೈಸೂರಿನವರು ಅವರೆಕಾಳು, ಮೂಲಂಗಿ ಹಾಕುವುದೂ ಇದೇ ಜಾಣತನ. ಮಟನ್ ಕಡಿಮೆ ಇದ್ದಾಗ ನೀರು ಹೆಚ್ಚಿಸುವುದಕ್ಕಿಂತ ಕಾಳು ಹೆಚ್ಚಿಸಿ.

ಬೆಂಗಳೂರಿನ ಲಿಶಿಯಸ್, ಫ್ರೆಶ್ ಟು ಹೋಮ್‌ನಂಥ ಕಂಪನಿಗಳು ಪುಣೆಯಲ್ಲೂ ಮನೆಬಾಗಿಲಿಗೆ ಮಾಂಸ ತಲುಪಿಸುತ್ತವೆ. ಇಬ್ಬರೂ ದುಡಿಯುವ ಮನೆಗೆ, ಅಂಗಡಿ ಹತ್ತಿರವಿಲ್ಲದ ಬಡಾವಣೆಗೆ ಅನುಕೂಲವೇ. ಪೊಟ್ಟಣದ ಮೇಲಿನ ತೂಕ ನೋಡಿ ಕಿಲೋಗೆ ಎಷ್ಟು ಬಿತ್ತು ಎಂದು ಒಮ್ಮೆ ಲೆಕ್ಕ ಹಾಕಿ. ಅರ್ಧ ಕಿಲೋ ಅಂದುಕೊಂಡು ಕೊಳ್ಳುವ ಪೊಟ್ಟಣ ಎಷ್ಟೋ ಸಲ 450 ಗ್ರಾಮಿನದು.

ಮೀನು ಬೇರೆಯೇ ಭಾಷಣದ ವಿಷಯ. ಒಂದು ಮಾತು ಹೇಳಿಬಿಡುತ್ತೇನೆ. ಕೊಂಕಣದಿಂದ ಬರುವ ಸುರಮಯಿ, ಪಾಪಲೇಟು ಕೈಗೆಟುಕದಿದ್ದರೆ ಗಣೇಶ ಪೇಟೆಯ ಮೀನುಪೇಟೆಯಲ್ಲಿ ಬಂಗಡೆ ಕೇಳಿ, ಇಲ್ಲವೆ ಉಜನಿ ಜಲಾಶಯದ ಸಿಹಿನೀರಿನ ಮೀನು ಕೇಳಿ. ಸೋಲಾಪುರ ರಸ್ತೆಯ ಭಿಗವಣ ಆ ಮೀನಿಗೆ ಹೆಸರಾದ ಊರು. ಕಟ್ಲಾ, ರೋಹು, ಚಿಲಾಪಿ ಅಲ್ಲಿ ಬೆಳೆಯುವುದು ಭೀಮಾ ನದಿಯ ನೀರಿನಲ್ಲಿ, ಮುಂದೆ ನಮ್ಮ ವಿಜಯಪುರ, ಕಲಬುರ್ಗಿಗೆ ಹರಿದುಬರುವ ನೀರೇ ಅದು.

ತಂದ ಮಾಂಸವನ್ನು ಇಡುವ ಕ್ರಮ ಹೇಳಿ ಮುಗಿಸುತ್ತೇನೆ. ಕೊಯ್ದ ಕೆಲವು ಗಂಟೆಗಳಲ್ಲಿ ಮಟನ್ ಬಿಗಿಯುತ್ತದೆ, ಆ ಹೊತ್ತಿನಲ್ಲಿ ಒಲೆಗೆ ಹಾಕಿದರೆ ನಾರುನಾರಾಗುತ್ತದೆ. ಬುಧವಾರ ಬೆಳಿಗ್ಗೆ ತಂದದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ರಸ ಬೇರೆ ಪದಾರ್ಥಗಳ ಮೇಲೆ ತೊಟ್ಟಿಕ್ಕುವುದಿಲ್ಲ. ರಾತ್ರಿಗೆ ಅಥವಾ ಮರುದಿನಕ್ಕೆ ಅದು ಮೆತ್ತಗಾಗಿರುತ್ತದೆ. ಗುರುವಾರ ಮಾಡದ ಮನೆಯವರು ಅದೇ ದಿನ ರಾತ್ರಿ ಅಡಿಗೆ ಮಾಡಲಿ. ರವಿವಾರಕ್ಕೆ ಬೇಕಾದದ್ದನ್ನು ಒಂದು ಹೊತ್ತಿಗೆ ಸಾಕಾಗುವಷ್ಟು ಸಣ್ಣ ಪೊಟ್ಟಣಗಳಾಗಿ ಮಾಡಿ, ದಿನಾಂಕ ಬರೆದು, ಬುಧವಾರವೇ ಫ್ರೀಜರಿಗೆ ಹಾಕಿ. ಶನಿವಾರ ರಾತ್ರಿ ಅದನ್ನು ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ, ಬೇಯಿಸಿಯೇ ಬಿಡಿ. ಫ್ರಿಜ್ಜು ಇಲ್ಲದ ಮನೆಯವರು ಆ ದಿನಕ್ಕೆ ಬೇಕಾದಷ್ಟೇ, ಕಾಲು ಕಿಲೋ ಆದರೂ ಸರಿ, ತನ್ನಿ. ಕಾಲು ಕಿಲೋ ಕೇಳಿದವರಿಗೂ ಅಷ್ಟೇ ಆಸ್ಥೆಯಿಂದ ಕಡಿದು ಕೊಡುವ ಕಸಾಯಿಗಳು ಪುಣೆಯಲ್ಲಿದ್ದಾರೆ. ಅಂಥವನು ಸಿಕ್ಕರೆ ಅವನನ್ನು ಬಿಡಬೇಡಿ.